ಜನಸಂಖ್ಯೆ ಬೆಳೆದ ಬಗೆ: ದೇಶದಲ್ಲಿ, ನಮ್ಮ ವಯನಾಡಿನಲ್ಲಿ

ಸಮಾಜ ವಿಜ್ಞಾನದ ಅಧ್ಯಾಪಕರು ರಜೆಯಲ್ಲಿದ್ದ ಒಂದು ಮಧ್ಯಾಹ್ನ ಹತ್ತನೆಯ ತರಗತಿಯ ಅವಧಿಯೊಂದು ನನ್ನ ಪಾಲಿಗೆ ಬಂತು. ಕನ್ನಡ ಪಾಠ ಆರಂಭಿಸಬೇಕೆಂದಿದ್ದವನನ್ನು ಹಿಂದಿನ ಬೆಂಚಿನ ಹುಡುಗನೊಬ್ಬ ತಡೆದ. "ಸರ್, 1951ರಿಂದ 1961ರೊಳಗೆ ವಯನಾಡಿನ ಜನಸಂಖ್ಯೆ ಶೇಕಡಾ 62ಕ್ಕಿಂತಲೂ ಹೆಚ್ಚು ಬೆಳೆಯಿತಂತೆ. ನಿಮ್ಮ ಊರಿನಲ್ಲಿ ಮನೆಗೆ ಎಷ್ಟು ಮಕ್ಕಳು ಹುಟ್ಟುತ್ತಿದ್ದರು?" ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಅವಸರದಲ್ಲಿ ಏನೋ ಉತ್ತರ ಹೇಳಿದೆ. ಆ ಉತ್ತರ ನನಗೇ ಸಮಾಧಾನ ತರಲಿಲ್ಲ. ಆದುದರಿಂದ ಈ ವಾರ್ಷಿಕ ಸಂಚಿಕೆಗೆ ಲೇಖನ ಕೇಳಿದಾಗ, ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಬರೆದುಕೊಡುವುದೆಂದು ನಿಶ್ಚಯಿಸಿದೆ. ಕನ್ನಡದ ಮೇಷ್ಟರಿಗೆ ಅಂಕಿಗಳ ಗೊಡವೆ ಏಕೆಂದು ನಮ್ಮ ಗಣಿತದ ಅಧ್ಯಾಪಕರು ಮುನಿಸಿಕೊಳ್ಳದಿದ್ದರೆ ಸಾಕು.

ವಿದ್ಯಾರ್ಥಿ ಮಿತ್ರರೆ, ಮೊದಲು ಬೆಳವಣಿಗೆಯ ದರವೆಂದರೆ ಏನೆಂಬುದನ್ನು ತಿಳಿಯೋಣ. ಒಂದು ಊರಿನಲ್ಲಿ ಸಾವಿರ ಜನರಿದ್ದಾರೆ ಎನ್ನಿ. ವರ್ಷದಲ್ಲಿ 30 ಮಕ್ಕಳು ಹುಟ್ಟಿ 10 ಮಂದಿ ಸತ್ತರೆ ಊರಿನ ಜನ 1020 ಆಗುತ್ತದೆ. ಇದು ವರ್ಷಕ್ಕೆ ಶೇಕಡಾ 2ರ ಬೆಳವಣಿಗೆ. ಆದರೆ ಅದೇ ವರ್ಷ ಹೊರಗಿನಿಂದ 40 ಮಂದಿ ಬಂದು ನೆಲೆಸಿ, ಊರಿನ 10 ಮಂದಿ ಬೇರೆಡೆಗೆ ಹೋದರೆ ಲೆಕ್ಕ 1050ಕ್ಕೆ ಏರುತ್ತದೆ. ದರ ಶೇಕಡಾ 5 ಆಗುತ್ತದೆ. ಹುಟ್ಟು, ಸಾವು, ಬರವು, ಹೋಗುವಿಕೆ ಎಂಬ ನಾಲ್ಕು ಬಾಬುಗಳು ಸೇರಿ ಒಂದೇ ಅಂಕಿಯಾಗುತ್ತವೆ. ಆ ಒಂದು ಅಂಕಿಯನ್ನು ಮಾತ್ರ ನೋಡಿದವನಿಗೆ ನಾಲ್ಕರಲ್ಲಿ ಯಾವುದು ಎಷ್ಟು ಕೆಲಸ ಮಾಡಿತೆಂಬುದು ಕಾಣುವುದಿಲ್ಲ. ನಮ್ಮ ಹುಡುಗ ಬಿದ್ದದ್ದೂ ಈ ಹಳ್ಳಕ್ಕೇ.

ದರದಿಂದ ಇನ್ನೊಂದು ಲೆಕ್ಕ ಸುಲಭವಾಗಿ ಸಿಗುತ್ತದೆ. 70ನ್ನು ವಾರ್ಷಿಕ ದರದಿಂದ ಭಾಗಿಸಿದರೆ ಜನಸಂಖ್ಯೆ ಎಷ್ಟು ವರ್ಷದಲ್ಲಿ ಇಮ್ಮಡಿಯಾಗುವುದೆಂದು ಸರಿಸುಮಾರಾಗಿ ತಿಳಿಯುತ್ತದೆ. ಶೇಕಡಾ 2 ಆದರೆ 35 ವರ್ಷ, ಶೇಕಡಾ 5 ಆದರೆ 14 ವರ್ಷ.

ಇನ್ನು ದೇಶದ ಮಾತು. ಭಾರತದಲ್ಲಿ ಮೊದಲ ಜನಗಣತಿ 1872ರ ಸುಮಾರಿಗೆ ನಡೆಯಿತು. ಎಲ್ಲೆಡೆ ಏಕಕಾಲಕ್ಕೆ ಎಣಿಸಿದ್ದು 1881ರಲ್ಲಿ. ಈಗಿನ ಭಾರತದ ಗಡಿಯೊಳಗೆ 1901ರಲ್ಲಿ ಸುಮಾರು 23.8 ಕೋಟಿ ಜನರಿದ್ದರು. 1911ರಲ್ಲಿ 25.2 ಕೋಟಿಯಾದರು. 1921ರಲ್ಲಿ ಎಣಿಸಿದಾಗ ಏಳೆಂಟು ಲಕ್ಷ ಕಡಮೆಯೇ ಸಿಕ್ಕರು. ಹತ್ತು ವರ್ಷಗಳಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಸೇರಿಸಿದರೂ ಸತ್ತವರ ಲೆಕ್ಕ ತುಂಬಲಿಲ್ಲವೆಂದರೆ ಆ ಕಾಲ ಹೇಗಿದ್ದಿರಬೇಕೆಂದು ನೀವೇ ಊಹಿಸಿ. 1918ರ ಇನ್‌ಫ್ಲುಯೆಂಜಾ ಜ್ವರವೊಂದೇ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂಡೊಯ್ದಿತು. 1921ರ ಅನಂತರ ಯಾವ ಗಣತಿಯಲ್ಲಿಯೂ ನಮ್ಮ ಸಂಖ್ಯೆ ಹಿಂದಕ್ಕೆ ಸರಿದಿಲ್ಲ. ಆದಕಾರಣ ಬಲ್ಲವರು ಅದನ್ನು ಮಹಾವಿಭಜನೆಯ ವರ್ಷವೆಂದು ಕರೆಯುತ್ತಾರೆ.

1951ರಲ್ಲಿ 36 ಕೋಟಿ, 1961ರಲ್ಲಿ 43.9 ಕೋಟಿ, 1971ರಲ್ಲಿ 54.8 ಕೋಟಿ, 1981ರಲ್ಲಿ 68.3 ಕೋಟಿ. ಹತ್ತು ವರ್ಷಗಳ ದರ ತನ್ನ ತುದಿಯನ್ನು ಮುಟ್ಟಿದ್ದು 1961ರಿಂದ 1971ರೊಳಗೆ. ಆಗ ಅದು ಶೇಕಡಾ 24.8. ಇದಕ್ಕೆ ಕಾರಣ ಜನರು ಹಿಂದಿಗಿಂತ ಹೆಚ್ಚು ಮಕ್ಕಳನ್ನು ಹೆತ್ತರೆಂಬುದಲ್ಲ. ಸಾವು ಮೊದಲು ಇಳಿಯಿತು, ಹುಟ್ಟು ಆಮೇಲೆ ಇಳಿಯಿತು. ನಡುವಣ ಅಂತರದಲ್ಲಿ ಜನ ಬೆಳೆದರು. ನನ್ನ ಅಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ಐದು. ತಾಯಿ ಹೆತ್ತದ್ದು ನಾಲ್ಕು, ನಾಲ್ವರೂ ಇದ್ದೇವೆ. ನನಗಿರುವುದು ಇಬ್ಬರು ಮಕ್ಕಳು. ಅಜ್ಜಿಯ ಲೆಕ್ಕವನ್ನೂ ತಾಯಿಯ ಲೆಕ್ಕವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ದೇಶದ ಇತಿಹಾಸವೇ ಕಾಣುತ್ತದೆ. ಸ್ವಾತಂತ್ರ್ಯ ಬಂದಾಗ ಭಾರತೀಯನ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಈಗ 70ರ ಆಸುಪಾಸಿನಲ್ಲಿದೆ.

ಜನನ ನಿಯಂತ್ರಣದ ಚಿಕಿತ್ಸಾಲಯಗಳನ್ನು ಸರಕಾರವೇ ತೆರೆದ ಮೊದಲಿಗರಲ್ಲಿ ನಮ್ಮ ಹಳೆಯ ಮೈಸೂರು ಸಂಸ್ಥಾನವೂ ಒಂದು; ಅದು 1930ರಷ್ಟು ಹಿಂದಿನ ಮಾತು. ಸ್ವತಂತ್ರ ಭಾರತ 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಕೇರಳದ ಎರ್ನಾಕುಲಂನಲ್ಲಿ 1971ರ ಜುಲೈ ತಿಂಗಳೊಂದರಲ್ಲೇ 63 ಸಾವಿರಕ್ಕೂ ಹೆಚ್ಚು ಗಂಡಸರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ತುರ್ತುಪರಿಸ್ಥಿತಿಯ ಕಾಲದಲ್ಲಿ ಉತ್ತರ ಭಾರತದ ಕೆಲವೆಡೆ ಇದೇ ಕೆಲಸವನ್ನು ಬಲವಂತದಿಂದ ಮಾಡಹೋಗಿ ಕಾರ್ಯಕ್ರಮಕ್ಕೇ ಕೆಟ್ಟ ಹೆಸರು ಬಂತು. ಒತ್ತಾಯವಿಲ್ಲದೆಯೇ ಹುಟ್ಟಿನ ಪ್ರಮಾಣ ಬೇಗ ಇಳಿದದ್ದು ಕೇರಳದಂಥ ಕಡೆ. ಹೆಣ್ಣುಮಕ್ಕಳು ಶಾಲೆಗೆ ಹೋದರು, ಹೆತ್ತ ಮಗು ಬದುಕುವುದೆಂಬ ಧೈರ್ಯ ತಾಯಂದಿರಿಗೆ ಬಂತು. ಈ ಎರಡು ಕಾರಣಗಳು ಕೆಂಪು ತ್ರಿಕೋನದ ಗೋಡೆಬರಹಗಳಿಗಿಂತ ಹೆಚ್ಚು ಕೆಲಸ ಮಾಡಿದವೆಂದು ನನ್ನ ಅಭಿಪ್ರಾಯ.

ಈಗ ವಯನಾಡಿಗೆ ಬರೋಣ. ನಾನು ಹುಟ್ಟಿದ್ದು 1980ರಲ್ಲಿ; ಅದೇ ವರ್ಷ ನವೆಂಬರ್ 1ರಂದು ವಯನಾಡು ಜಿಲ್ಲೆಯೂ ಹುಟ್ಟಿತು. ಮಲಯಾಳ ಶಾಲೆಯಲ್ಲಿ ಅಕ್ಷರ ಕಲಿತು, ಮನೆಯಲ್ಲಿ ಕನ್ನಡವಾಡಿ, ಅನಂತರ ಗಡಿ ದಾಟಿ ಕನ್ನಡ ಶಾಲೆಗೆ ಸೇರಿದವನು ನಾನು. ನಮ್ಮ ಹಳೆಯ ಶಾಸನಗಳಲ್ಲಿ ಇದು ಬಯಲುನಾಡು. ಬತ್ತೇರಿಯ ಜೈನ ಬಸದಿಯನ್ನೂ, ಕಲ್ಪೆಟ್ಟದ ಬಳಿಯ ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿ ಬಸದಿಯನ್ನೂ ಕಂಡವರಿಗೆ ಕನ್ನಡ ನಾಡಿನೊಡನೆ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೇನುಕುರುಬರ ನೆಂಟರೇ ಆದ ಕಾಟ್ಟುನಾಯ್ಕರ ಮಾತೂ ಕನ್ನಡಕ್ಕೆ ಬಹಳ ಹತ್ತಿರದ್ದು.

ಇಂದು ಜಿಲ್ಲೆಯಾಗಿರುವ ಈ ಪ್ರದೇಶದಲ್ಲಿ 1901ರಲ್ಲಿ ಇದ್ದವರು ಸುಮಾರು 75 ಸಾವಿರ ಜನ. ನಲವತ್ತು ವರ್ಷ ಕಳೆದು 1941ರಲ್ಲಿ 1 ಲಕ್ಷದ 6 ಸಾವಿರ. ಕಾಡು, ಗದ್ದೆ, ದೊರೆಗಳ ಕಾಫಿ ಚಹ ತೋಟ, ಇವುಗಳ ನಡುವೆ ಮಲೇರಿಯಾ. ವಯನಾಡಿಗೆ ಹೆಣ್ಣು ಕೊಡಲು ಕೆಳಗಿನವರು ಹಿಂದೆ ಮುಂದೆ ನೋಡುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದಳು. ಚಳಿಜ್ವರದಿಂದ ಪಾರಾದವನೇ ಗಟ್ಟಿಗ.

ಆಮೇಲೆ ಎರಡು ಸಂಗತಿಗಳು ಕೂಡಿಬಂದವು. ಯುದ್ಧಕಾಲದಲ್ಲಿ ಬರ್ಮಾದ ಅಕ್ಕಿ ನಿಂತುಹೋಗಿ ತಿರುವಾಂಕೂರಿನಲ್ಲಿ ಅನ್ನಕ್ಕೆ ತತ್ವಾರವಾಯಿತು. ಅಲ್ಲಿನ ಸಣ್ಣ ರೈತರು ತಮ್ಮ ತುಂಡು ಭೂಮಿಯನ್ನು ಮಾರಿ ಅದೇ ಹಣಕ್ಕೆ ಮಲಬಾರಿನ ಬೆಟ್ಟಗಳಲ್ಲಿ ಹಲವು ಪಟ್ಟು ನೆಲ ಕೊಂಡರು. ಇತ್ತ ಯುದ್ಧ ಮುಗಿದ ಮೇಲೆ ಡಿ.ಡಿ.ಟಿ. ಬಂದು ಸೊಳ್ಳೆಯ ಕಾಟ ಕುಗ್ಗಿತು. ಆಗಿನ ಮದರಾಸು ಸರಕಾರ ನಿವೃತ್ತ ಸೈನಿಕರಿಗೆಂದು ಅಂಬಲವಯಲ್ ಭಾಗದಲ್ಲಿ ನೆಲೆ ಕಲ್ಪಿಸಿತು. ಪುಲ್ಪಳ್ಳಿ, ಮುಳ್ಳನ್‌ಕೊಲ್ಲಿಗಳಲ್ಲಿ ಕಾಡು ಕಡಿದು ಮರಗೆಣಸು, ಮೆಣಸು, ಕಾಫಿ ಬೆಳೆದವರು ಹೀಗೆ ಬಂದವರು. ಮಲಯಾಳದಲ್ಲಿ ಇದಕ್ಕೆ ಕುಡಿಯೇಟ್ಟವೆಂದು ಹೆಸರು. 1951ರಲ್ಲಿ 1.69 ಲಕ್ಷ, 1961ರಲ್ಲಿ 2.75 ಲಕ್ಷ, 1971ರಲ್ಲಿ 4.14 ಲಕ್ಷ ಜನರಾದರು. ಇಪ್ಪತ್ತು ವರ್ಷಗಳಲ್ಲಿ ಸುಮಾರು ಎರಡೂವರೆ ಪಟ್ಟು.

ಹುಡುಗನ ಪ್ರಶ್ನೆಗೆ ಉತ್ತರವನ್ನು ಒರಟು ಲೆಕ್ಕದಲ್ಲಿ ಹೀಗೆ ಕಾಣಬಹುದು. 1951ರಿಂದ 1961ರೊಳಗೆ ಇಡೀ ಕೇರಳ ಶೇಕಡಾ 24.8ರಷ್ಟು ಬೆಳೆಯಿತು. ವಯನಾಡೂ ಅಷ್ಟೇ ಬೆಳೆದಿದ್ದರೆ 1961ರಲ್ಲಿ ಅಲ್ಲಿ 2.11 ಲಕ್ಷ ಜನ ಇರಬೇಕಾಗಿತ್ತು. ಇದ್ದವರು 2.75 ಲಕ್ಷ. ಹೆಚ್ಚಿಗೆ ಸಿಕ್ಕ 64 ಸಾವಿರ ಮಂದಿ ಬಹುಮಟ್ಟಿಗೆ ಘಾಟಿ ಹತ್ತಿ ಬಂದವರು, ಮತ್ತು ಬಂದ ಮೇಲೆ ಅವರಿಗೆ ಹುಟ್ಟಿದವರು.

ಈ ಬೆಳವಣಿಗೆಯನ್ನು ನಾಡಿನ ಅಭಿವೃದ್ಧಿಯೆಂದು ಬರೆದವರಿದ್ದಾರೆ. ರಸ್ತೆ, ಶಾಲೆ, ಆಸ್ಪತ್ರೆಗಳು ಬಂದದ್ದು ನಿಜ. ಬಂದವರ ದುಡಿಮೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಶೇಕಡಾ 62 ಎಂಬ ಅಂಕಿಯ ಕೆಳಗೆ ಇನ್ನೊಂದು ಲೆಕ್ಕವಿದೆ. 2011ರ ಗಣತಿಯಂತೆ ಜಿಲ್ಲೆಯ ಆದಿವಾಸಿಗಳು 1.51 ಲಕ್ಷ. ಪಣಿಯರು, ಕುರಿಚ್ಯರು, ಮುಳ್ಳುಕುರುಮರು, ಕಾಟ್ಟುನಾಯ್ಕರು, ಅಡಿಯರು, ಊರಾಳಿ ಕುರುಮರು ಎಲ್ಲರೂ ಇದರಲ್ಲಿ ಸೇರಿದ್ದಾರೆ. 1901ರಲ್ಲಿದ್ದ ಇಡೀ ವಯನಾಡಿನ ಜನರ ಇಮ್ಮಡಿ ಇದು. ಸಂಖ್ಯೆಯಲ್ಲಿ ಅವರು ಕುಗ್ಗಿಲ್ಲ. ಆದರೂ ಜಿಲ್ಲೆಯಲ್ಲಿ ಅವರ ಪಾಲು ಶೇಕಡಾ 18.5 ಮಾತ್ರ, ಸುತ್ತಲಿನವರು ಅಷ್ಟು ಬೆಳೆದರು. ಪಟ್ಟೆ ಪತ್ರದ ಸುದ್ದಿಯೇ ತಿಳಿಯದೆ ಕಾಡಿನಂಚಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರ ನೆಲ ಪತ್ರವಿದ್ದವರ ಕೈಸೇರಿತು. ಕಳೆದುಹೋದ ಭೂಮಿಯನ್ನು ಮರಳಿಸಲು ಕೇರಳದಲ್ಲಿ 1975ರಲ್ಲಿ ಕಾಯಿದೆಯಾಯಿತು. ಜಾರಿಯಾಗದೆ ವರ್ಷಗಳುರುಳಿ 1999ರಲ್ಲಿ ಇನ್ನೊಂದು ಕಾಯಿದೆ ಬಂತು. ಬತ್ತೇರಿಯಿಂದ ಗುಂಡ್ಲುಪೇಟೆಗೆ ಬರುವ ದಾರಿಯಲ್ಲಿ ನೀವು ಮುತ್ತಂಗವನ್ನು ಕಂಡಿರಬಹುದು. ಭೂಮಿ ಕೇಳಿ ಆದಿವಾಸಿಗಳು ಅಲ್ಲಿನ ಕಾಡಿನಲ್ಲಿ ಗುಡಿಸಲು ಹಾಕಿದ್ದರು. 2003ರ ಫೆಬ್ರವರಿ 19ರಂದು ಅವರನ್ನು ಎಬ್ಬಿಸುವಾಗ ಗೋಲೀಬಾರಾಗಿ ಒಬ್ಬ ಆದಿವಾಸಿ ಸತ್ತ. ಆ ಘರ್ಷಣೆಯಲ್ಲಿ ಒಬ್ಬ ಪೊಲೀಸನೂ ಪ್ರಾಣ ಕಳೆದುಕೊಂಡ. ಜನಸಂಖ್ಯೆಯ ಕೋಷ್ಟಕದಲ್ಲಿ ಈ ಸಂಗತಿಗೆ ಅಂಕಣವಿಲ್ಲ.

ಮುಂದೇನಾಗುವುದೆಂದು ಈಗ ಕೇಳಬಹುದು. ಅದಕ್ಕೆ ಮೊದಲು ಒಂದು ಎಚ್ಚರಿಕೆಯ ಮಾತು. 1941ರಲ್ಲಿ ಕುಳಿತು ಬುದ್ಧಿವಂತನೊಬ್ಬ ವಯನಾಡಿನ ಮುಂದಿನ ನಲವತ್ತು ವರ್ಷವನ್ನು ಅಂದಾಜು ಮಾಡಿದ್ದನೆಂದು ಭಾವಿಸಿ. ಹಿಂದಿನ ನಲವತ್ತು ವರ್ಷಗಳ ವೇಗವನ್ನೇ ಹಿಡಿದಿದ್ದರೆ ಅವನು 1981ಕ್ಕೆ ಒಂದೂವರೆ ಲಕ್ಷವೆಂದು ಬರೆಯುತ್ತಿದ್ದ. ಗುಣಾಕಾರದಲ್ಲಿ ತಪ್ಪಿರುತ್ತಿರಲಿಲ್ಲ. 1981ರಲ್ಲಿ ನಿಜವಾಗಿ ಎಣಿಸಿದಾಗ ಸಿಕ್ಕವರು 5.54 ಲಕ್ಷ. ಅಕ್ಕಿಯ ಅಭಾವವೂ ಡಿ.ಡಿ.ಟಿ.ಯೂ ಅವನ ಕಾಗದದಲ್ಲಿ ಇರಲಿಲ್ಲ. ಮುನ್ನಂದಾಜು ಎಂದರೆ ಜ್ಯೋತಿಷವಲ್ಲ. ಹುಟ್ಟು, ಸಾವು, ವಲಸೆ ಇಂತಿಂತಿದ್ದರೆ ಫಲ ಇಂತಿಷ್ಟು ಎಂಬ ಷರತ್ತಿನ ಲೆಕ್ಕ.

ಇಡೀ ದೇಶದ ಮಟ್ಟಿಗೆ ಈ ಲೆಕ್ಕ ಹೆಚ್ಚು ನಂಬಲರ್ಹ. ನೂರು ಕೋಟಿ ದಾಟಿದ ದೇಶದಲ್ಲಿ ಹೊರಗಿನಿಂದ ಬರುವವರು, ಹೊರಹೋಗುವವರು ಅಷ್ಟಾಗಿ ತೂಗುವುದಿಲ್ಲ. 2001ರಿಂದ 2011ರ ದರ ಶೇಕಡಾ 17.7ಕ್ಕೆ ಇಳಿದಿತ್ತು. 2021ರ ಗಣತಿ ಆ ವರ್ಷ ನಡೆಯಲಿಲ್ಲ. 2027ರ ಮಾರ್ಚ್ 1ನ್ನು ಆಧಾರದಿನವಾಗಿಟ್ಟುಕೊಂಡು ಎಣಿಸುವುದೆಂದು 2025ರ ಜೂನಿನಲ್ಲಿ ಪ್ರಕಟಣೆ ಹೊರಟಿತು. ಅಂದಾಜಿನ ಪ್ರಕಾರ 2023ರಲ್ಲಿ ನಾವು ಚೀನವನ್ನು ಹಿಂದಿಕ್ಕಿದೆವು. ಪತ್ರಿಕೆಗಳು ಅದನ್ನು ದೊಡ್ಡಕ್ಷರದಲ್ಲಿ ಹಾಕಿದವು. ಅದಕ್ಕೂ ಮುನ್ನವೇ ಬಂದಿದ್ದ ಇನ್ನೊಂದು ಸುದ್ದಿ ಅಷ್ಟು ಸದ್ದು ಮಾಡಲಿಲ್ಲ. ತಂದೆ ತಾಯಿಯರ ಜಾಗವನ್ನು ಮಕ್ಕಳು ತುಂಬಲು ಒಬ್ಬ ಹೆಣ್ಣಿಗೆ ಸರಾಸರಿ 2.1 ಮಕ್ಕಳು ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ ಸರಾಸರಿ 2.0ಕ್ಕೆ ಇಳಿದಿತ್ತು. ಬಿಹಾರದಲ್ಲಿ 3.0, ಕೇರಳದಲ್ಲಿ 1.8, ಕರ್ನಾಟಕದಲ್ಲಿ 1.7.

ಹಾಗಾದರೆ ಜನ ಇನ್ನೂ ಏಕೆ ಬೆಳೆಯುತ್ತಿದ್ದಾರೆ? ಹೆಚ್ಚು ಮಕ್ಕಳು ಹುಟ್ಟಿದ ಕಾಲದ ಹೆಣ್ಣುಮಕ್ಕಳು ಈಗ ತಾಯಂದಿರಾಗುತ್ತಿದ್ದಾರೆ. ಒಬ್ಬೊಬ್ಬರಿಗೆ ಇಬ್ಬರೇ ಮಕ್ಕಳಾದರೂ ತಾಯಂದಿರೇ ಹೆಚ್ಚಿರುವುದರಿಂದ ಒಟ್ಟು ಏರುತ್ತದೆ. ತಾಮರಶ್ಶೇರಿ ಘಾಟಿಯಲ್ಲಿ ಇಳಿಯುವ ಬಸ್ಸು ಬ್ರೇಕ್ ಒತ್ತಿದ ಕೂಡಲೆ ನಿಲ್ಲುವುದಿಲ್ಲವಷ್ಟೆ, ಇದೂ ಹಾಗೆಯೇ. ವಿಶ್ವಸಂಸ್ಥೆಯ 2024ರ ಅಂದಾಜಿನಲ್ಲಿ ಭಾರತದ ಜನಸಂಖ್ಯೆ 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿ ಮುಟ್ಟಿ, ಅಲ್ಲಿಂದ ಮೆಲ್ಲನೆ ಇಳಿಯತೊಡಗುತ್ತದೆ.

ವಯನಾಡಿನಲ್ಲಿ ಬಸ್ಸು ಆಗಲೇ ನಿಲ್ಲುವ ಹಂತಕ್ಕೆ ಬಂದಿದೆ. 1971ರಿಂದ 1981ರವರೆಗಿನ ದರ ಶೇಕಡಾ 34ರ ಸಮೀಪ; ಮುಂದಿನ ದಶಕದಲ್ಲಿ 21; ಆಮೇಲೆ 16; 2001ರಿಂದ 2011ರವರೆಗೆ 5ಕ್ಕೂ ಕಡಮೆ. 2011ರಲ್ಲಿ ಒಟ್ಟು 8.17 ಲಕ್ಷ. ಕುಡಿಯೇಟ್ಟದ ಇನ್ನೊಂದು ಬೆಟ್ಟದ ಜಿಲ್ಲೆಯಾದ ಇಡುಕ್ಕಿಯಲ್ಲಿ ಅದೇ ಹತ್ತು ವರ್ಷಗಳಲ್ಲಿ ಜನ ಕಡಮೆಯೇ ಆದರು. ಒಂದು ಕಾಲಕ್ಕೆ ನೆಲ ಹುಡುಕಿ ವಯನಾಡಿಗೆ ಬಂದವರ ಮೊಮ್ಮಕ್ಕಳು ಶುಂಠಿ ಬೆಳೆಯಲು ನಮ್ಮ ಹೆಗ್ಗಡದೇವನಕೋಟೆ, ಗುಂಡ್ಲುಪೇಟೆ, ಕೊಡಗಿನ ಕಡೆ ಗುತ್ತಿಗೆಗೆ ಭೂಮಿ ಹಿಡಿಯುತ್ತಿದ್ದಾರೆ. ಓದಿದವರು ಬೆಂಗಳೂರಿಗೂ ವಿದೇಶಕ್ಕೂ ಹೋಗುತ್ತಿದ್ದಾರೆ. ನಾಲ್ಕು ಬಾಬುಗಳಲ್ಲಿ ಈಗ ಭಾರವಾಗಿರುವುದು ನಾಲ್ಕನೆಯದು.

ನಾನು ಒಂದನೆಯ ತರಗತಿಗೆ ಸೇರಿದಾಗ ನಾವು ನಲವತ್ತೊಂದು ಮಕ್ಕಳು ನಾಲ್ಕು ಬೆಂಚುಗಳಲ್ಲಿ ಒತ್ತಿ ಕೂರುತ್ತಿದ್ದೆವು. ಹೋದ ಓಣಂ ರಜೆಗೆ ಮುಂಚೆ ಆ ಶಾಲೆಯ ಕಡೆ ಹಾದುಹೋಗುವಾಗ ಇಣುಕಿ ನೋಡಿದೆ. ಒಂಬತ್ತು ಮಕ್ಕಳಿದ್ದರು. ಕೋಣೆ ಅದೇ, ಕಿಟಕಿಯ ಸರಳು ಅದೇ. ಒಬ್ಬೊಬ್ಬರಿಗೂ ಒಂದೊಂದು ಕುರ್ಚಿ ಇತ್ತು.

2011ರ ಗಣತಿಯ ಆಧಾರದ ಮೇಲೆ ಕೇಂದ್ರದ ತಜ್ಞರ ತಂಡವೊಂದು 2036ರವರೆಗಿನ ಅಂದಾಜನ್ನು ಕೊಟ್ಟಿದೆ. ಆ ವರ್ಷ ಭಾರತದಲ್ಲಿ ಸುಮಾರು 152 ಕೋಟಿ ಜನ. ಕೇರಳದಲ್ಲಿ ಅರವತ್ತು ತುಂಬಿದವರು 2011ರಲ್ಲಿ ಶೇಕಡಾ 13ರಷ್ಟಿದ್ದರು. 2036ರಲ್ಲಿ 23 ಆಗುತ್ತಾರೆ. ಪ್ರಶ್ನೆ ಕೇಳಿದ ಹುಡುಗ ಆಗ ಇಪ್ಪತ್ತೈದು ದಾಟಿ ದುಡಿಯುವ ವಯಸ್ಸಿನಲ್ಲಿರುತ್ತಾನೆ. ನನಗೆ ಐವತ್ತಾರು; ಆ ಶೇಕಡಾ 23ಕ್ಕೆ ಸೇರಲು ಇನ್ನೂ ನಾಲ್ಕು ವರ್ಷ ಬಾಕಿ ಇರುತ್ತದೆ.