ಒಂದು ಚಿಲಕಕ್ಕೆ ಯಾರು ಬರ್ತಾರೆ?

ಓದುತ್ತಿರುವುದನ್ನು ಐದು ನಿಮಿಷ ಬದಿಗಿಟ್ಟು ನಿಮ್ಮ ಮನೆಯ ಕಿಟಕಿಗಳನ್ನೆಲ್ಲ ಒಮ್ಮೆ ಹಾಕಿ ನೋಡಿ. ಎಲ್ಲವೂ ಒಂದೇ ಕೈಯಲ್ಲಿ ಹಾಕಿಕೊಂಡು, ಚಿಲಕ ಸಲೀಸಾಗಿ ಬಿದ್ದರೆ ನೀವು ಪುಣ್ಯವಂತರು. ನಮ್ಮ ಮನೆಯಲ್ಲಿರುವುದು 11 ಕಿಟಕಿ. ಸರಿಯಾಗಿ ಹಾಕಿಕೊಳ್ಳುತ್ತಿದ್ದದ್ದು 4. ಉಳಿದ ಒಂದೊಂದಕ್ಕೂ ಒಂದೊಂದು ಉಪಾಯ. ಒಂದನ್ನು ಸರಳಿನ ಸಂದಿಯಿಂದ ಕೈ ಹಾಕಿ, ಸ್ವಲ್ಪ ಮೇಲಕ್ಕೆತ್ತಿ ಎಳೆದುಕೊಳ್ಳಬೇಕು. ಇನ್ನೊಂದಕ್ಕೆ ಮಡಚಿದ ಪೇಪರ್ ಸಿಕ್ಕಿಸಬೇಕು. ಅಮ್ಮನ ಕೋಣೆಯದನ್ನಂತೂ ಪ್ಲಾಸ್ಟಿಕ್ ದಾರದಲ್ಲಿ ಸರಳಿಗೆ ಕಟ್ಟಬೇಕು. ನೆಂಟರು ಬಂದರೆ ವೈಫೈ ಪಾಸ್‌ವರ್ಡ್ ಜೊತೆ ಕಿಟಕಿ ಹಾಕುವ ಕ್ರಮವನ್ನೂ ಹೇಳಿಕೊಡಬೇಕಿತ್ತು!

ತೀರ್ಥಹಳ್ಳಿ ಕಡೆಯ ಹಳ್ಳಿಮನೆ ನಮ್ಮದು. ಆಗುಂಬೆಯ ಮಳೆಯ ಬಗ್ಗೆ ನೀವು ಶಾಲೆಯಲ್ಲಿ ಓದಿರುತ್ತೀರಿ. ಆ ಸೀಮೆಯಲ್ಲಿ ಬದುಕುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಇರುವುದು ಗಾಳಿ–ಬೆಳಕಿಗಲ್ಲ, ನೀರು ತಡೆಯುವುದಕ್ಕೆ. ಬಿ.ಎಸ್ಸಿ. ಮುಗಿಸಿ ಒಂದೂವರೆ ವರ್ಷ ಅರ್ಜಿ ಹಾಕುತ್ತಾ, ಪರೀಕ್ಷೆ ಬರೆಯುತ್ತಾ ಮನೆಯಲ್ಲೇ ಇದ್ದೆ. ಈ ವರ್ಷ ಮೇ ತಿಂಗಳ ಮೊದಲ ವಾರ ಬೆಂಗಳೂರಿನಿಂದ ಕರೆ ಬಂತು, ಜೂನ್ 10ಕ್ಕೆ ಕೆಲಸಕ್ಕೆ ಸೇರಬೇಕು. ಅಪ್ಪ ತೀರಿಕೊಂಡು 4 ವರ್ಷ, ಅಕ್ಕನಿಗೆ ಮದುವೆಯಾಗಿದೆ. ಅಂದರೆ ಈ ಮಳೆಗಾಲ ಅಮ್ಮ ಆ ಮನೆಯಲ್ಲಿ ಒಬ್ಬಳೇ. ‘ನಂಗೇನು ಭಯ, ಕೂಗಿದ್ರೆ ಕೇಳೋ ಅಷ್ಟು ದೂರದಲ್ಲಿ ಜನ ಇದಾರಲ್ಲ’ ಅಂದಳು. ಆದರೆ ಹಿಂದಿನ ವರ್ಷ ಒಂದು ರಾತ್ರಿ ದಾರ ಕಿತ್ತುಹೋಗಿ ಕಿಟಕಿ ಬಡಿದುಕೊಳ್ಳುತ್ತಲೇ ಇದ್ದಾಗ ಅವಳು ಹಾಸಿಗೆಯ ಮೇಲೆ ಕೂತೇ ಬೆಳಗು ಮಾಡಿದ್ದು ನನಗೆ ಗೊತ್ತು.

ಬಾಗಿಲು ಮಾಡಿಸಿ, ಮಂಚ ಮಾಡಿಸಿ, ಆಚಾರ್ರು ಬರುತ್ತಾರೆ. ಒಂದು ಚಿಲಕಕ್ಕೆ ಯಾರು ಬರ್ತಾರೆ? ಅವರನ್ನು ದೂರಿ ಪ್ರಯೋಜನವಿಲ್ಲ. ದಿನದ ಕೂಲಿ ಬಿಟ್ಟು ಅರ್ಧ ಗಂಟೆಯ ಕೆಲಸಕ್ಕೆ ಘಟ್ಟದ ರಸ್ತೆಯಲ್ಲಿ ಬೈಕ್ ಓಡಿಸಿಕೊಂಡು ಬರುವುದು ಅವರಿಗೆ ಗಿಟ್ಟುವುದಿಲ್ಲ. ಮೇಲಾಗಿ ಮೇ ತಿಂಗಳಲ್ಲಿ ಊರಿನವರೆಲ್ಲರಿಗೂ ಅವರೇ ಬೇಕು. ನಮ್ಮ ಆಚಾರ್ರು ಫೋನಿನಲ್ಲೇ ಒಂದು ಮಾತು ಹೇಳಿದರು: ‘ಸಾಮಾನು ತರೋಕೆ ಮೊದ್ಲು ಸವೆದಿರೋದು ಯಾವ್ದು ಅಂತ ನೋಡು ಮಾರಾಯ. ಎಷ್ಟೋ ಸಲ ಸಾಮಾನು ಸರಿಯಾಗೇ ಇರುತ್ತೆ.’

ಹಾಗಾಗಿ ಒಂದು ಇಡೀ ದಿನ ಸ್ಕ್ರೂಡ್ರೈವರ್ ಮುಟ್ಟದೆ ಬರೀ ನೋಡಿದೆ. ಚಿಲಕ ಬೀಳದಿದ್ದರೆ ಚಿಲಕವೇ ಕೆಟ್ಟಿದೆ ಅಂದುಕೊಳ್ಳುತ್ತೇವಲ್ಲ, ನಮ್ಮಲ್ಲಿ 7ರ ಪೈಕಿ 4 ಕಿಟಕಿಗಳ ಚಿಲಕಕ್ಕೆ ಏನೂ ಆಗಿರಲಿಲ್ಲ. ಆಗಿದ್ದದ್ದು ಬಿಜಾಗರಿಗೆ. ನೀವು ಹಿಂಜಸ್ ಅಂತೀರಿ, ನಮ್ಮ ಕಡೆ ಅದು ಬಿಜಾಗರಿ. ಕದದ ಭಾರ ಸದಾ ಮೇಲಿನ ಬಿಜಾಗರಿಯನ್ನು ದಾರಂದದಿಂದ ಆಚೆಗೆ ಎಳೆಯುತ್ತಿರುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತಿರುತ್ತದೆ. ಹಾಗಾಗಿ ಮೊದಲು ಸಡಿಲವಾಗುವುದು ಮೇಲಿನದರ ಸ್ಕ್ರೂ. ಅದು ಒಂದೆರಡು ಮಿಲಿಮೀಟರ್ ಸಡಿಲವಾದರೆ ಸಾಕು, ಆಚೆ ತುದಿಯಲ್ಲಿ ಕದದ ಕೆಳಮೂಲೆ ಇಳಿದು ದಾರಂದಕ್ಕೆ ಉಜ್ಜತೊಡಗುತ್ತದೆ, ಚಿಲಕದ ಕಡ್ಡಿ ತೂತಿಗೆ ನೇರ ಬರುವುದಿಲ್ಲ. ಆಗ ನಾವೇನು ಮಾಡುತ್ತೇವೆ? ತೂತನ್ನೇ ದೊಡ್ಡದು ಮಾಡುತ್ತೇವೆ. ಮುಂದಿನ ವರ್ಷ ಅದೂ ಸಾಲದು.

ಇನ್ನೂ ಹತ್ತಿರದಿಂದ ನೋಡಿದರೆ ಬಿಜಾಗರಿಯೂ ಗಟ್ಟಿಯಾಗಿಯೇ ಇತ್ತು. ಹಾಳಾಗಿದ್ದದ್ದು ಸ್ಕ್ರೂ ಕಚ್ಚಿಕೊಂಡಿದ್ದ ಮರ. ಸ್ಕ್ರೂ ಪಕ್ಕದಿಂದ ನೀರಿಳಿದು ಕಬ್ಬಿಣ ತುಕ್ಕು ಹಿಡಿದು, ಸುತ್ತಲಿನ ಮರ ಪುಡಿಪುಡಿಯಾಗಿತ್ತು. ಇಂಥಲ್ಲಿ ಹೊಸ ಬಿಜಾಗರಿ ತಂದು ಅದೇ ತೂತಿಗೆ ಅದೇ ಸ್ಕ್ರೂ ಹಾಕಿದರೆ ಎರಡು ತಿಂಗಳಲ್ಲಿ ಮತ್ತೆ ಅದೇ ಕಥೆ. ಉದ್ದನೆಯ ಸ್ಕ್ರೂ ಹಾಕೋಣವೆಂದರೆ ಕದದ ದಪ್ಪವೇ ಒಂದಿಂಚು ಚಿಲ್ಲರೆ, ಮೊನೆ ಆಚೆ ಬರುತ್ತದೆ.

ಇದಕ್ಕೆ ಮದ್ದು ಅಂಗಡಿಯಲ್ಲಿಲ್ಲ, ಅಡುಗೆಮನೆಯಲ್ಲಿದೆ. ತೂತಿನೊಳಗಿನ ಕೊಳೆತ ಪುಡಿಯನ್ನು ಮೊಳೆಯಿಂದ ಕೆರೆದು ತೆಗೆದು ಒಣಗಿಸಿ. ಮದ್ದು ಮುರಿದು ತೆಗೆದ ಬೆಂಕಿಕಡ್ಡಿಗಳಿಗೋ ಬಿದಿರಿನ ಸೀಳಿಗೋ ಫೆವಿಕಾಲ್ ಹಚ್ಚಿ ಬಿಗಿಯಾಗಿ ತುಂಬಿ. ಒಂದು ರಾತ್ರಿ ಬಿಟ್ಟು, ಹೊರಗುಳಿದ ತುದಿ ಕತ್ತರಿಸಿ. ಈಗ ಅದು ಹೊಸ ಮರ ಇದ್ದಂತೆ. ನಡುವೆ ಸ್ಕ್ರೂಗಿಂತ ಸಣ್ಣ ತೂತು ಕೊರೆದು ಸ್ಕ್ರೂ ಏರಿಸಿದರೆ ಕಚ್ಚಿಕೊಳ್ಳುತ್ತದೆ. ಹಾಗೆ ಕೊರೆಯದೆ ಏರಿಸಿದರೆ ಒಣಮರ ಸೀಳುವುದುಂಟು. ಡ್ರಿಲ್ ಮಶೀನ್ ಬೇಕೆಂದಿಲ್ಲ, ಅಪ್ಪನ ಕಾಲದ ಬೈರಿಗೆ ಅಟ್ಟದ ಮೇಲೆ ಸಿಕ್ಕಿತು. ಸ್ಕ್ರೂ ತುದಿಯನ್ನು ಸೋಪಿಗೆ ಒಮ್ಮೆ ತಿಕ್ಕಿದರೆ ಕೈಗೆ ಅರ್ಧ ಶ್ರಮ ಉಳಿಯುತ್ತದೆ.

ನಿಜವಾಗಿ ಬೆವರಿಳಿಸಿದ್ದು ಹಳೆಯ ಸ್ಕ್ರೂ ಬಿಚ್ಚುವ ಕೆಲಸ. ಮೂರ್ನಾಲ್ಕು ಸಲ ಪೇಂಟ್ ಬಳಿದು ಸ್ಕ್ರೂವಿನ ಗೀರೇ ಕಾಣುತ್ತಿರಲಿಲ್ಲ. ಮೊದಲು ಆ ಗೀರಿನೊಳಗಿನ ಪೇಂಟನ್ನು ಬ್ಲೇಡಿನಿಂದ ಪೂರ್ತಿ ತೆಗೆಯಬೇಕು. ಹಿಂದಿನ ಸಂಜೆ ಎರಡು ಹನಿ ಸೀಮೆಎಣ್ಣೆ ಬಿಟ್ಟಿದ್ದರೆ ಬೆಳಿಗ್ಗೆ ಸಡಿಲಾಗಿರುತ್ತದೆ. ಸ್ಕ್ರೂಡ್ರೈವರಿನ ಬಾಯಿ ಗೀರಿನ ಅಗಲಕ್ಕೆ ಸರಿಯಾಗಿ ಕೂರಬೇಕು, ಇಲ್ಲವಾದರೆ ಗೀರೇ ಕಿತ್ತುಹೋಗುತ್ತದೆ. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ತಿರುಗಿಸಿ. ತುಕ್ಕಿನ ಹಿಡಿತ ಬಿಡುವ ‘ಕಟ್’ ಸದ್ದು ಕೇಳಿದಾಗ ಆಗುವ ಖುಷಿ, ಸತ್ಯವಾಗಿ ಹೇಳುತ್ತೇನೆ, ಆನ್‌ಲೈನ್ ಪರೀಕ್ಷೆಯ ಕಟಾಫ್ ದಾಟಿದಾಗಲೂ ಆಗಿರಲಿಲ್ಲ.

ಎಲ್ಲ ಬಿಜಾಗರಿಗಳನ್ನೂ ಒಟ್ಟಿಗೆ ಬಿಚ್ಚಬೇಡಿ. ಕದದ ಕೆಳಗೆ ಮರದ ಚೂರೋ ಮಡಚಿದ ಪೇಪರ್ರೋ ಕೊಟ್ಟು ಭಾರ ಹೊರಿಸಿ, ಒಂದನ್ನು ಬದಲಿಸಿ, ಅದು ಗಟ್ಟಿಯಾದ ಮೇಲೆ ಇನ್ನೊಂದಕ್ಕೆ ಹೋಗಿ. ಹೀಗೆ ಮಾಡಿದರೆ ಹಿಡಿದುಕೊಳ್ಳಲು ಇನ್ನೊಬ್ಬರು ಬೇಡ, ಕದವೂ ಜಾಗ ಬಿಟ್ಟು ಕದಲುವುದಿಲ್ಲ. ಇಷ್ಟಾದರೂ ಮೂಲೆ ಸ್ವಲ್ಪ ಇಳಿದೇ ಇದ್ದರೆ ಕೆಳಗಿನ ಬಿಜಾಗರಿಯ ಹಿಂದೆ ತೆಳ್ಳಗೆ ಏನಾದರೂ ಕೊಡಿ, ಕದದ ಕೆಳಭಾಗ ಆಚೆ ಸರಿದು ಮೂಲೆ ಮೇಲೇಳುತ್ತದೆ. ರಟ್ಟು ನಮ್ಮ ಮಳೆಗೆ ಕೊಳೆಯುತ್ತದೆಂದು ನಾನು ಹಳೆಯ ಕಾಲೇಜ್ ಐಡಿ ಕಾರ್ಡನ್ನು ಕತ್ತರಿಸಿ ಕೊಟ್ಟೆ. ಮೂರು ವರ್ಷ ಕುತ್ತಿಗೆಯಲ್ಲಿ ನೇತಾಡಿದ್ದಕ್ಕಿಂತ ಹೆಚ್ಚಿನ ಉಪಯೋಗಕ್ಕೆ ಅದು ಈಗ ಬಂದಿದೆ.

ಕೊಳ್ಳಲೇಬೇಕಾದದ್ದೂ ಇತ್ತು. ಅಮ್ಮನ ಕೋಣೆಯ ಕಿಟಕಿಯ ಚಿಲಕ ನಿಜಕ್ಕೂ ಸವೆದು ಕಡ್ಡಿ ಜಾರುತ್ತಿತ್ತು, ಎರಡು ಬಿಜಾಗರಿಗಳ ನಡುವಿನ ಪಿನ್ ತುಕ್ಕು ತಿಂದಿತ್ತು. ಹಾರ್ಡ್‌ವೇರ್ ಅಂಗಡಿಗೆ ಬರಿಗೈಯಲ್ಲಿ ಹೋಗಬೇಡಿ. ಹಳೆಯ ಸಾಮಾನನ್ನೇ ಪೇಪರಿನಲ್ಲಿ ಸುತ್ತಿಕೊಂಡು ಹೋಗಿ. ‘ಸಣ್ಣ ಚಿಲಕ ಕೊಡಿ’ ಅಂದರೆ ಅಂಗಡಿಯವರು ಆರು ಥರ ಮುಂದಿಡುತ್ತಾರೆ. ಟವರ್ ಬೋಲ್ಟ್ 4 ಇಂಚೋ 6 ಇಂಚೋ, ಬಿಜಾಗರಿ 3 ಇಂಚೋ 4 ಇಂಚೋ, ಸ್ಕ್ರೂ ಎಷ್ಟು ನಂಬರ್, ಎಷ್ಟು ಉದ್ದ ಎಂದು ಕೇಳುತ್ತಾರೆ. ಹಳೆಯ ತೂತುಗಳಿಗೆ ಹೊಸದರ ತೂತು ಕೂರುತ್ತದೋ ಎಂದು ಅಲ್ಲೇ ಒಂದರ ಮೇಲೊಂದು ಇಟ್ಟು ನೋಡಬಹುದು. ಮಳೆ ಬೀಳುವ ಕಡೆಗೆ ಸ್ಟೀಲಿನದೇ ಕೊಳ್ಳಿ, ಸ್ಕ್ರೂ ಕೂಡ ಸ್ಟೀಲಿನದೇ ಇರಲಿ. ಸ್ಟೀಲ್ ಬಿಜಾಗರಿಗೆ ಕಬ್ಬಿಣದ ಸ್ಕ್ರೂ ಹಾಕಿ ಉಳಿಸುವ ನಾಲ್ಕು ರೂಪಾಯಿಗೆ ಅರ್ಥವಿಲ್ಲ. ಹಿತ್ತಾಳೆ ಇಷ್ಟಪಡುವವರು ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ಏರಿಸಿ, ಬಿಚ್ಚಿ, ಆ ದಾರಿಯಲ್ಲಿ ಹಿತ್ತಾಳೆಯದನ್ನು ಹಾಕಬೇಕು. ಹಿತ್ತಾಳೆ ಮೆದು, ನೇರ ಏರಿಸಿದರೆ ತಲೆಯೇ ಮುರಿದೀತು. ಬಿಜಾಗರಿ, ಚಿಲಕ, ಗಾಳಿಗೆ ಕದ ಬಡಿಯದಂತೆ ಹಿಡಿಯುವ ಕೊಕ್ಕೆ, ಸ್ಕ್ರೂ, ಫೆವಿಕಾಲ್ ಎಲ್ಲ ಸೇರಿ ನನಗೆ ಬಿದ್ದ ಖರ್ಚು 870 ರೂಪಾಯಿ.

ಜೂನ್ 8ರ ಹೊತ್ತಿಗೆ 6 ಕಿಟಕಿ ಮುಗಿದವು. ಆರಿದ್ರಾ ಮಳೆ ಹಿಡಿದಾಗ ನಾನು ಬೆಂಗಳೂರಿನಲ್ಲಿದ್ದೆ. ರಾತ್ರಿಯಿಡೀ ಗಾಳಿಮಳೆ ಎಂದು ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೋಡಿ, ಬೆಳಿಗ್ಗೆ ಫೋನ್ ಮಾಡಿದರೆ ಅಮ್ಮ ತೋಟದಲ್ಲಿ ಮೂರು ಅಡಿಕೆಮರ ಬಿದ್ದದ್ದು ಹೇಳಿದಳು, ಕರೆಂಟಿಲ್ಲ ಎಂದಳು, ಕಿಟಕಿಯ ಸುದ್ದಿ ಎತ್ತಲೇ ಇಲ್ಲ. ನಾನೇ ಕೇಳಿದ ಮೇಲೆ, ‘ಓ ಅದಾ, ನಿದ್ದೆ ಬಂದಿತ್ತು ಕಣೋ, ಗೊತ್ತೇ ಆಗ್ಲಿಲ್ಲ’ ಅಂದಳು.

ಇಲ್ಲಿ ನಾವು ಮೂವರು ಗೆಳೆಯರು ಬಾಡಿಗೆಗಿರುವ ಮನೆಗೆ ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿ. ಮರದ ಗುಣ ಒಂದಾದರೆ ಇದರದ್ದೇ ಇನ್ನೊಂದು. ಎಳೆದರೆ ಕಿರ್ ಎನ್ನುತ್ತಿದ್ದರೆ ಅಡಿಯ ರೋಲರ್ ಸವೆದಿದೆ ಎಂದು ತೀರ್ಮಾನಿಸುವ ಮೊದಲು ಟ್ರ್ಯಾಕ್ ಗುಡಿಸಿ. ನಮ್ಮದರಲ್ಲಿ ಸಿಕ್ಕಿದ್ದು ಪಾರಿವಾಳದ ಪುಕ್ಕ, ಮಣ್ಣು, ಒಂದು ಕೀ. ಹೊರಗಿನ ಟ್ರ್ಯಾಕಿನಲ್ಲಿ ಸಣ್ಣ ತೂತುಗಳಿರುತ್ತವೆ, ಮಳೆನೀರು ಆಚೆ ಹೋಗಲೆಂದೇ ಕೊಟ್ಟದ್ದು. ಅವು ಕಟ್ಟಿಕೊಂಡರೆ ನೀರು ತುಂಬಿ ಒಳಗೆ ಹಾಸಿಗೆಗೆ ಇಳಿಯುತ್ತದೆ. ಪೊರಕೆಕಡ್ಡಿ ಆಡಿಸಿದರೆ ಮುಗಿಯಿತು. ಟ್ರ್ಯಾಕಿಗೆ ಕೊಬ್ಬರಿ ಎಣ್ಣೆ ಸುರಿಯಬೇಡಿ, ಧೂಳು ಅಂಟಿ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಮೇಣದಬತ್ತಿ ತಿಕ್ಕಿ. ರೋಲರ್ ಬದಲಿಸಲು ಗಾಜಿನ ಕದವನ್ನೇ ಎತ್ತಿ ಹೊರತೆಗೆಯಬೇಕಾಗುತ್ತದೆ. ಮೇಲಿನ ಮಹಡಿಯಲ್ಲಿದ್ದರೆ ಆ ಸಾಹಸ ಬೇಡ, ಕೆಲಸದವರನ್ನೇ ಕರೆಯಿರಿ. ಅದಕ್ಕೂ ಮೊದಲು ಓನರ್‌ಗೆ ಒಂದು ಮೆಸೇಜ್ ಹಾಕಿ, ಬಿಲ್ ಇಟ್ಟುಕೊಳ್ಳಿ. ಬಾಡಿಗೆಯಲ್ಲಿ ಕಳೆದುಕೊಳ್ಳುವವರೂ ಇದ್ದಾರೆ.

ಊರಲ್ಲಿ ಉಳಿದಿರುವುದು ಏಳನೆಯದು, ಅಡುಗೆಮನೆಯ ಕಿಟಕಿ. ಬೇಸಗೆಯಲ್ಲಿ ಅದಕ್ಕೇನೂ ತಕರಾರಿಲ್ಲ. ಮಳೆ ಹಿಡಿದರೆ ಮರ ತೇವ ಹೀರಿ ಉಬ್ಬಿ, ಹಾಕಿದರೆ ತೆಗೆಯಲಾಗದು, ತೆಗೆದರೆ ಹಾಕಲಾಗದು. ಈಗಲೇ ಉಜ್ಜುಗೊರಡು ಹಿಡಿದು ಕೆತ್ತಿದರೆ ಫೆಬ್ರುವರಿಯಲ್ಲಿ ಮರ ಕುಗ್ಗಿದಾಗ ಹಲ್ಲಿ ನುಗ್ಗುವಷ್ಟು ಸಂದಿ ಬೀಳುತ್ತದೆ. ಅದಕ್ಕೇ ಎಲ್ಲೆಲ್ಲಿ ಉಜ್ಜುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಡು ಎಂದು ಅಮ್ಮನಿಗೆ ಹೇಳಿದ್ದೆ. ಹಾಕಿದ್ದಾಳಂತೆ, ಮೂರು ಕಡೆ. ಮಳೆ ಕಳೆದು ಮರ ಆರಿದ ಮೇಲೆ, ದೀಪಾವಳಿಗೆ ಹೋದಾಗ, ಗುರುತಿದ್ದಲ್ಲಿ ಮಾತ್ರ ತೆಳ್ಳಗೆ ಕೀಸಿ, ಆ ದಿನವೇ ಅಂಚಿಗೆ ಪೇಂಟ್ ಬಳಿಯಬೇಕು, ತೇವ ಒಳಗೆ ಹೋಗುವುದು ಪೇಂಟ್ ಕಾಣದ ಆ ಮೇಲಂಚು–ಕೆಳಅಂಚುಗಳಿಂದಲೇ. ಉಜ್ಜುಗೊರಡನ್ನು ಆಚಾರ್ರ ಹತ್ತಿರ ಕೇಳಿಟ್ಟಿದ್ದೇನೆ. ‘ಕೊಡ್ತೀನಿ, ಆದ್ರೆ ಮೊಳೆಗೆ ತಾಗಿಸಿ ಅಲಗು ಹಾಳ್ ಮಾಡ್ಬೇಡ’ ಅಂದಿದ್ದಾರೆ.