ನಾಣ್ಯದ ಜಾತಕ

ಹಳೆಯ ನಾಣ್ಯಗಳನ್ನು ಕೂಡಿಡುವ ಹವ್ಯಾಸ ನಮ್ಮ ನಾಡಿನಲ್ಲಿ ಅಪರೂಪವೇನೂ ಅಲ್ಲ. ಕೂಡಿಟ್ಟದ್ದಕ್ಕೆ ಲೆಕ್ಕವಿಡುವ ಅಭ್ಯಾಸ ಮಾತ್ರ ಅಪರೂಪ. ಕಡಲೆಕಾಯಿ ಮಾರುವವನೂ ದಿನದ ಕೊನೆಗೆ ಕಾಸುಕಾಸಿನ ಲೆಕ್ಕ ಬರೆದಿಡುತ್ತಾನೆ. ಮುನ್ನೂರು ವರ್ಷ ಹಳೆಯ ಹಣವನ್ನು ಅಂಗೈಯಲ್ಲಿ ಹಿಡಿದ ಸಂಗ್ರಾಹಕನಾದರೋ ‘ಎಲ್ಲವೂ ನೆನಪಿನಲ್ಲಿದೆ’ ಎಂದು ನಿಶ್ಚಿಂತನಾಗಿರುತ್ತಾನೆ. ನೆನಪು ನಂಬಿಗಸ್ತ ಗುಮಾಸ್ತನೇ ಸರಿ; ಆದರೆ ಧಣಿ ಹೋದ ದಿನವೇ ಅವನೂ ಕೆಲಸ ಬಿಟ್ಟು ಹೋಗುತ್ತಾನೆ.

ನನಗೆ ಪರಿಚಿತರಾಗಿದ್ದ ಹಿರಿಯರೊಬ್ಬರು ನಲವತ್ತು ವರ್ಷ ಊರೂರು ತಿರುಗಿ ನಾಣ್ಯ ಕೂಡಿಸಿದ್ದರು. ಯಾವುದು ಯಾವ ಸಂತೆಯಲ್ಲಿ ದೊರೆಯಿತು, ಯಾವುದನ್ನು ಯಾವ ಮನೆಯವರು ಕೊಟ್ಟರು ಎಂಬುದನ್ನು ಕಥೆ ಮಾಡಿ ಹೇಳುತ್ತಿದ್ದರು, ಒಂದಕ್ಷರವನ್ನೂ ಬರೆದಿಡಲಿಲ್ಲ. ಅವರು ತೀರಿಕೊಂಡ ಮೇಲೆ ಮಕ್ಕಳ ಕೈಗೆ ಬಂದದ್ದು ಒಂದು ಬಿಸ್ಕತ್ತಿನ ಡಬ್ಬಿ. ತಾಮ್ರ ತಾಮ್ರದ ತೂಕಕ್ಕೆ, ಬೆಳ್ಳಿ ಬೆಳ್ಳಿಯ ತೂಕಕ್ಕೆ ಮಾರಾಟವಾಯಿತು. ಮಕ್ಕಳನ್ನು ನಾನು ದೂರಲಾರೆ. ಮಾತು ಬಾರದ ಲೋಹಕ್ಕೆ ತೂಕವಲ್ಲದೆ ಬೇರೆ ಬೆಲೆ ಯಾವುದು? ಅಂದಿನಿಂದ ನನ್ನಲ್ಲಿರುವ ನಾನೂರು ಚಿಲ್ಲರೆ ನಾಣ್ಯಗಳಿಗೆ ಜಾತಕ ಬರೆಯತೊಡಗಿದೆ.

ಇದೇನೂ ದೊಡ್ಡ ವಿದ್ಯೆಯಲ್ಲ. ಗಟ್ಟಿ ರಟ್ಟಿನ ಒಂದು ಪುಸ್ತಕ ಸಾಕು. ನಾಣ್ಯ ಬಂದ ಕ್ರಮದಲ್ಲಿ ಅದಕ್ಕೊಂದು ಸಂಖ್ಯೆ. ನಾಣ್ಯ ಕೈಬಿಟ್ಟು ಹೋದರೂ ಆ ಸಂಖ್ಯೆಯನ್ನು ಮತ್ತೊಂದಕ್ಕೆ ಕೊಡಬಾರದು. ಸಂಖ್ಯೆಯನ್ನು ಬರೆಯಬೇಕಾದದ್ದು ನಾಣ್ಯದ ಮೇಲಲ್ಲ, ಅದನ್ನಿಡುವ ಕಾಗದದ ಲಕೋಟೆಯ ಮೇಲೆ. ಅದೂ ನಾಣ್ಯ ಒಳಸೇರುವ ಮೊದಲೇ. ಬಳಿಕ ಲೋಹ, ವ್ಯಾಸ, ಎರಡು ಮುಖಗಳ ಚಿತ್ರ ಮತ್ತು ಬರಹ, ಟಂಕಸಾಲೆ, ವರ್ಷ. ತೂಕವನ್ನಂತೂ ಗ್ರಾಮಿನ ನೂರನೆಯ ಭಾಗದವರೆಗೆ ಗುರುತಿಸಬೇಕು. ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗಬೇಕು. ಸವೆತದಿಂದ ಸ್ವಲ್ಪ ಇಳಿಯಬಹುದು. ಎರಡು ಗ್ರಾಂ ಕಡಮೆಯಾದರೆ ಮೋಸಗಾರನ ಅಚ್ಚಿನ ವಾಸನೆ ಬಂದಂತೆಯೇ.

ಬರೆಯುವಾಗ ಒಂದು ನಿಯಮವನ್ನು ಮರೆಯಲಾಗದು: ಕಂಡದ್ದನ್ನು ಕಂಡಂತೆ ಬರೆಯಬೇಕು, ಊಹಿಸಿದ್ದನ್ನು ಬೇರೆ ಅಂಕಣದಲ್ಲಿಡಬೇಕು. ಟಿಪ್ಪು ಸುಲ್ತಾನನ ನಾಣ್ಯಗಳನ್ನೇ ನೋಡಿ. ಮೊದಲ ವರ್ಷಗಳ ನಾಣ್ಯಗಳಲ್ಲಿರುವುದು ಹಿಜರಿ ಶಕೆ. ಅನಂತರ ಅವನು ಮೌಲೂದಿ ಎಂಬ ಹೊಸ ಗಣನೆಯನ್ನು ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದ. 1215 ಎಂಬ ವರ್ಷ ನಾಣ್ಯದ ಮೇಲೆ 5121 ಎಂದು ಕಾಣುತ್ತದೆ. ಕಣ್ಣಿಗೆ ಕಂಡ ಅಂಕಿಯನ್ನು ಉಳಿಸಿ, ಅದರ ಅರ್ಥವನ್ನು ಪಕ್ಕದಲ್ಲಿ ಬರೆದರೆ ಮುಂದಿನವರು ನಮ್ಮ ಓದನ್ನು ಪರೀಕ್ಷಿಸಬಲ್ಲರು.

ನಮ್ಮ ಕಾಲದ ಚಿಲ್ಲರೆಯೂ ಈ ಶ್ರದ್ಧೆಗೆ ಅರ್ಹವಾದುದೇ. ದಶಮಾಂಶ ನಾಣ್ಯಗಳು ಬಂದದ್ದು 1957ರ ಏಪ್ರಿಲ್ 1ರಂದು; ಪೈಸೆಯ ಹಿಂದಿನ ‘ನಯಾ’ ಎಂಬ ಮಾತು ಬಿಟ್ಟುಹೋದದ್ದು 1964ರಲ್ಲಿ. ವರ್ಷದ ಕೆಳಗೆ ವಜ್ರಾಕೃತಿಯಿದ್ದರೆ ಮುಂಬಯಿಯ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದಿನದು, ಚುಕ್ಕೆಯಿದ್ದರೆ ನೋಯ್ಡಾದ್ದು, ಯಾವ ಗುರುತೂ ಇಲ್ಲದಿದ್ದರೆ ಕಲ್ಕತ್ತೆಯದು. ಅವಳಿಗಳಂತೆ ಕಾಣುವ ಎರಡು ನಾಣ್ಯಗಳು ಒಂದು ಚುಕ್ಕೆಯ ದೆಸೆಯಿಂದ ಬೇರೆ ಬೇರೆ ಊರಿನವಾಗುತ್ತವೆ.

ಇನ್ನು ಜೋಡಿಸುವ ಬಗೆ. ಅರಸರ ಕ್ರಮದಲ್ಲೋ, ಲೋಹದ ಕ್ರಮದಲ್ಲೋ, ಲಿಪಿಯ ಕ್ರಮದಲ್ಲೋ? ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ‘ಮಾಯಿಲಿ ಕಾಸು’ ಮೈಸೂರಿನ ಸಾಲಿಗೂ ಸೇರಬೇಕು, ತಾಮ್ರದ ಸಾಲಿಗೂ ಸೇರಬೇಕು. ಕನ್ನಡ ಅಕ್ಷರಗಳಿರುವ ನಾಣ್ಯಗಳ ಸಾಲು ಅದನ್ನು ಬಿಡುವುದುಂಟೆ? ಪೆಟ್ಟಿಗೆಯಲ್ಲಿ ನಾಣ್ಯ ಒಂದೇ ಕಡೆ ಇರಬಲ್ಲದು. ಚೀಟಿಗಳಾದರೆ ಮೂರು ಕಡೆ ಇರಬಲ್ಲವು. ನಾನು ಪೆಟ್ಟಿಗೆಯನ್ನು ಅರಸರಿಗೆ ಬಿಟ್ಟು, ಉಳಿದ ಹಂಚಿಕೆಯನ್ನು ಚೀಟಿಗಳಿಗೆ ಒಪ್ಪಿಸಿದ್ದೇನೆ. ಗಣಕಯಂತ್ರ ಬಲ್ಲ ಇಂದಿನ ತರುಣರಿಗೆ ಇದು ಗಳಿಗೆಯ ಕೆಲಸ.

ಎಲ್ಲಕ್ಕಿಂತ ಮುಖ್ಯವಾದುದು ‘ಎಲ್ಲಿಂದ ಬಂತು’ ಎಂಬ ಅಂಕಣ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲುಮಾರ್ಗದ ಕೆಲಸಕ್ಕಾಗಿ ನೆಲ ಅಗೆದಾಗ ರೋಮನ್ ಬೆಳ್ಳಿ ನಾಣ್ಯಗಳ ಗಂಟೊಂದು ಸಿಕ್ಕಿತು. 1947ರಲ್ಲಿ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಮಾರ್ಟಿಮರ್ ವ್ಹೀಲರ್ ಅಗೆಸಿದಾಗಲೂ ಶಾತವಾಹನರ ಕಾಲದ ನೆಲೆಯಲ್ಲಿ ರೋಮಿನ ಹಣ ಕಂಡುಬಂತು. ಅಂತಹ ನಾಣ್ಯ ಯಾವ ಪದರದಲ್ಲಿ, ಯಾವುದರ ಜೊತೆಗಿತ್ತೆಂದು ಬರೆದಿಟ್ಟದ್ದರಿಂದಲೇ ಅದು ಆ ಪದರದ ಮಡಕೆ ಮಣಿಗಳಿಗೂ ಕಾಲ ಹೇಳಿತು. ಅದೇ ನಾಣ್ಯ ಅಂಗಡಿಯ ಗಾಜಿನೊಳಗಿದ್ದರೆ ರೋಮಿನ ಮಾತು ಆಡೀತು, ಕನ್ನಡನಾಡಿನ ಮಾತು ಆಡಲಾರದು. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು, 1962ರ ನಿಧಿ ಶಾಸನ, ನಮ್ಮ ರಾಜ್ಯದಲ್ಲಿರುವುದೂ ಸುಮ್ಮನಲ್ಲ. ಗಂಟು ಒಡೆದು ಹಂಚಿಹೋದರೆ ಸಾಕ್ಷ್ಯವೂ ಒಡೆದು ಹಂಚಿಹೋಗುತ್ತದೆ.

ಮನೆಯವರಿಗೂ ಒಂದು ವಿನಂತಿ: ತಾಮ್ರದ ಚೊಂಬಿನಂತೆ ನಾಣ್ಯವನ್ನು ಹುಣಿಸೆಹಣ್ಣು ಹಾಕಿ ಬೆಳಗಬೇಡಿ. ಹೊಳಪು ಬರುತ್ತದೆ, ಶತಮಾನಗಳ ಮೈಬಣ್ಣ ಹೋಗುತ್ತದೆ. ಹೋದದ್ದು ತಿರುಗಿ ಬಾರದು. ಹಿಡಿಯುವಾಗ ಅಂಚನ್ನೇ ಹಿಡಿಯಿರಿ. ದಾಖಲೆಯ ಪ್ರತಿಯೊಂದು ಪೆಟ್ಟಿಗೆಯಿಂದ ದೂರದಲ್ಲಿ, ಬೇರೆ ಮನೆಯಲ್ಲಿದ್ದರೆ ಲೇಸು. ಕಳ್ಳನೋ ಬೆಂಕಿಯೋ ಬಂದಾಗ ಕಳೆದದ್ದೇನೆಂದು ಹೇಳಲು ಅದೊಂದೇ ಸಾಕ್ಷಿ.

ನನ್ನ ಪುಸ್ತಕದ ಏಳನೆಯ ಸಂಖ್ಯೆ 1918ರ ಒಂದು ಬೆಳ್ಳಿ ರೂಪಾಯಿ. ಮೋರೆ ಸವೆದಿದೆ, ಪೇಟೆಯಲ್ಲಿ ಅದಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚು ಹುಟ್ಟದು. ಎದುರಿಗಿನ ಅಂಕಣದಲ್ಲಿ ಹೀಗೆ ಬರೆದಿದ್ದೇನೆ: ‘ಅಜ್ಜಿಯ ಸೆರಗಿನ ಗಂಟಿನಿಂದ. ಕಾಶಿಯಾತ್ರೆಗೆಂದು ಕೂಡಿಟ್ಟ ಹನ್ನೊಂದರಲ್ಲಿ ಒಂದು. ಯಾತ್ರೆ ನಡೆಯಲಿಲ್ಲ.’ ಇಷ್ಟು ಬರೆದಿರುವವರೆಗೆ ಅದನ್ನು ಯಾರೂ ತಕ್ಕಡಿಗೆ ಹಾಕಲಾರರೆಂದು ನನ್ನ ನಂಬಿಕೆ.