ಕೀಲಿಯ ಕೆಳಗಿನ ಅಯಸ್ಕಾಂತ

ದುಮ್ಮವಾಡ ಎಂಬ ಊರಿನ ಹೆಸರನ್ನು ಗಣಕಯಂತ್ರದಲ್ಲಿ ಬರೆಯಲು ಎಷ್ಟು ಸಲ ಬೆರಳು ಒತ್ತಬೇಕು? ಕಲಘಟಗಿ ತಾಲ್ಲೂಕಿನಲ್ಲಿ, ಹುಬ್ಬಳ್ಳಿಗೆ ಕುಡಿಯುವ ನೀರು ಒದಗಿಸುತ್ತ ಬಂದ ನೀರಸಾಗರ ಜಲಾಶಯದ ಮಗ್ಗುಲಿಗಿರುವ ಈ ಹಳ್ಳಿಯ ಹೆಸರಿಗೆ ಕಾಗದದ ಮೇಲೆ ನಾಲ್ಕೇ ಅಕ್ಷರ. ಸರ್ಕಾರಿ ಕಚೇರಿಗಳಲ್ಲಿ ಬಳಕೆಯಲ್ಲಿರುವ ‘ನುಡಿ’ ತಂತ್ರಾಂಶದ ಕೀಲಿಮಣೆಯಲ್ಲಿ ಅದೇ ಹೆಸರು ದ, ಉ, ಮ, ಒತ್ತಿಗಾಗಿ ‘ಎಫ್’ ಕೀಲಿ, ಮತ್ತೆ ಮ, ವ, ಆ, ಡ ಎಂದು ಎಂಟು ಒತ್ತುಗಳಾಗುತ್ತದೆ. ದೀರ್ಘಕ್ಕೆ ಹಿಡಿಯಬೇಕಾದ ‘ಶಿಫ್ಟ್’ ಕೀಲಿಯನ್ನೂ ಸೇರಿಸಿದರೆ ಒಂಬತ್ತು. ಹುಬ್ಬಳ್ಳಿಯ ಪಾಡು ಇನ್ನೂ ಹೆಚ್ಚಿನದು. ಮೂರು ಅಕ್ಷರಕ್ಕೆ ಹನ್ನೊಂದು ಒತ್ತು.

ಹೀಗೆ ಒತ್ತಿಸಿಕೊಳ್ಳುವ ಕೀಲಿಯ ಕೆಳಗೆ ಏನಿದೆ ಎಂಬುದನ್ನು ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ. ಆದರೆ ಕಳೆದ ಕೆಲವು ವರ್ಷಗಳಿಂದ ಅಲ್ಲೊಂದು ಬದಲಾವಣೆ ನಡೆದಿದೆ. ಲೋಹಕ್ಕೆ ಲೋಹ ತಾಗಿ ಕೆಲಸ ಮಾಡುತ್ತಿದ್ದ ಗುಂಡಿಯ ಜಾಗಕ್ಕೆ ಏನನ್ನೂ ತಾಗದ ಅಯಸ್ಕಾಂತದ ಗುಂಡಿ ಬಂದಿದೆ. ಗಣಕದ ಆಟಗಳ ಹುಚ್ಚಿರುವ ಹುಡುಗರು ಇದಕ್ಕಾಗಿ ಸಾವಿರಾರು ರೂಪಾಯಿ ತೆರುತ್ತಿದ್ದಾರೆ. ಕನ್ನಡ ಬರೆಯುವವರಿಗೆ ಇದರಿಂದ ಏನಾದರೂ ಉಪಯೋಗವಿದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಕೇಳಿದವರು ಕಡಿಮೆ.

ಬೆರಳಚ್ಚು ಯಂತ್ರದ ಕಾಲದಲ್ಲಿ ಕೀಲಿಗೂ ಅಕ್ಷರಕ್ಕೂ ನಡುವೆ ಇದ್ದದ್ದು ಬೆರಳಿನ ಬಲ ಮಾತ್ರ. ಗಟ್ಟಿಯಾಗಿ ಒತ್ತಿದರೆ ಅಕ್ಷರ ಕಪ್ಪಗೆ ಮೂಡುತ್ತಿತ್ತು, ಸಡಿಲ ಬಿಟ್ಟರೆ ಮಂಕಾಗುತ್ತಿತ್ತು. ಕಿರುಬೆರಳಿನ ಅಕ್ಷರಗಳು ಯಾವಾಗಲೂ ಸ್ವಲ್ಪ ತೆಳುವೇ. ಆಗಿನ ಮೈಸೂರು ರಾಜ್ಯದಲ್ಲಿ 1963ರ ಕಾನೂನು ಕನ್ನಡವನ್ನು ಆಡಳಿತ ಭಾಷೆಯೆಂದು ಸಾರಿದ ಮೇಲೆ ಕಚೇರಿಗಳಿಗೆ ಕನ್ನಡ ಯಂತ್ರಗಳು ಬೇಕಾದವು. ಅವುಗಳ ಕೀಲಿಮಣೆಯನ್ನು ರೂಪಿಸಿದವರೆಂದು ಅನಂತಸುಬ್ಬರಾಯರ ಹೆಸರು ಉಳಿದಿದೆ. ಇಂಗ್ಲಿಷಿನ 26 ಅಕ್ಷರಗಳಿಗೆಂದು ಹುಟ್ಟಿದ ಯಂತ್ರದೊಳಗೆ ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳನ್ನು ತುಂಬಲು ಅಕ್ಷರಗಳನ್ನೇ ಬಿಡಿಸಿ, ತುಂಡು ತುಂಡಾಗಿ ಕೀಲಿಗಳಿಗೆ ಹಂಚಬೇಕಾಯಿತು. ಕೆಲವು ಕೀಲಿಗಳನ್ನು ಒತ್ತಿದರೆ ಕಾಗದದ ಗಾಡಿ ಮುಂದೆ ಸರಿಯುತ್ತಲೇ ಇರಲಿಲ್ಲ. ಒತ್ತಕ್ಷರ ಮೂಲಾಕ್ಷರದ ಬುಡದಲ್ಲೇ ಕೂರಬೇಕಲ್ಲ! ಧಾರವಾಡ, ಹುಬ್ಬಳ್ಳಿಯ ಟೈಪಿಂಗ್ ಕ್ಲಾಸುಗಳಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆಗೆ ಕುಳಿತ ಒಂದು ತಲೆಮಾರು ಈ ವಿದ್ಯೆಯನ್ನು ಬೆರಳ ತುದಿಯಲ್ಲಿ ಹೊತ್ತಿತ್ತು. ಅದು ಕೈಗೆ ಸಿಕ್ಕ ನೌಕರಿಯ ವಿದ್ಯೆಯೂ ಆಗಿತ್ತು.

ಗಣಕ ಬಂದ ಮೇಲೆ ಬೆರಳಿನ ಬಲಕ್ಕೆ ಬೆಲೆ ಹೋಯಿತು. ಗಣಕಕ್ಕೆ ಬೇಕಾದದ್ದು ಒಂದೇ ಸುದ್ದಿ: ಕೀಲಿ ಒತ್ತಿದೆಯೋ, ಇಲ್ಲವೋ. ಕಡಿಮೆ ಬೆಲೆಯ ಕೀಲಿಮಣೆಗಳಲ್ಲಿ ಈ ಸುದ್ದಿ ಕೊಡುವುದು ರಬ್ಬರಿನ ಪುಟ್ಟ ಗುಮ್ಮಟ. ಒತ್ತಿದಾಗ ಅದು ಕುಸಿದು, ಕೆಳಗಿರುವ ಪ್ಲಾಸ್ಟಿಕ್ ಹಾಳೆಗಳ ಮೇಲಿನ ವಿದ್ಯುತ್ ಗೆರೆಗಳನ್ನು ಕೂಡಿಸುತ್ತದೆ. ದುಬಾರಿ ಮಣೆಗಳಲ್ಲಿ ಪ್ರತಿ ಕೀಲಿಗೂ ಸ್ಪ್ರಿಂಗು, ಲೋಹದ ಎರಡು ಎಲೆಗಳು ಬೇರೆ ಬೇರೆ ಇರುತ್ತವೆ. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಗುಂಡಿ ಈ ಬಗೆಗೆ ಮಾದರಿ. ಕೀಲಿ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಸುಮಾರು ಅರ್ಧ ದಾರಿಯಲ್ಲಿ ಎಲೆಗಳು ಕೂಡುತ್ತವೆ. ಆದರೆ ಲೋಹ ಲೋಹಕ್ಕೆ ತಾಗುವಾಗ ಒಂದೇ ಸಲಕ್ಕೆ ಸುಮ್ಮನೆ ಕೂಡುವುದಿಲ್ಲ. ನೆಲಕ್ಕೆ ಬಿದ್ದ ಗೋಲಿಯಂತೆ ಕೆಲವು ಸಲ ಪುಟಿಯುತ್ತದೆ. ಆ ಪುಟಿತವನ್ನು ಹಲವು ಒತ್ತುಗಳೆಂದು ತಿಳಿಯದಿರಲು ಮಣೆಯೊಳಗಿನ ಚಿಪ್ಪು ಕೆಲವು ಮಿಲಿಸೆಕೆಂಡು ಕಾಯುತ್ತದೆ. ದೂಳು ಕೂತು ಎಲೆ ಮಾಸಿದ ಮೇಲೆ ಈ ಕಾಯುವಿಕೆಯೂ ಸಾಲದು. ಒಂದು ‘ಕ’ ಒತ್ತಿದರೆ ಎರಡು ಬೀಳುತ್ತವೆ, ಇಲ್ಲವೆ ಒಂದೂ ಬೀಳುವುದಿಲ್ಲ.

ಅಯಸ್ಕಾಂತದ ಕೀಲಿ ಈ ತಾಗುವಿಕೆಯನ್ನೇ ಬಿಟ್ಟುಕೊಟ್ಟಿದೆ. ಅದರ ಹಿಂದಿರುವ ತತ್ವ ಹೊಸದಲ್ಲ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಲೆಂಡರ ಶಿಷ್ಯನಾಗಿದ್ದ ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡದ್ದು ಅದು. ತಂತಿಯ ಮೇಲೆ ಅಯಸ್ಕಾಂತ ಬೀರುವ ಬಲ ಬೀಳುವುದು ತಂತಿಯ ಮೇಲೆಯೇ ಹೊರತು ಅದರೊಳಗೆ ಹರಿಯುವ ವಿದ್ಯುತ್ತಿನ ಮೇಲೆ ಅಲ್ಲ ಎಂದು ಮ್ಯಾಕ್ಸ್‌ವೆಲ್ ತಮ್ಮ ಗ್ರಂಥದಲ್ಲಿ ಬರೆದಿದ್ದರು. ಅಷ್ಟು ದೊಡ್ಡವರ ಮಾತನ್ನು ವಿದ್ಯಾರ್ಥಿಯೊಬ್ಬ ಸಂಶಯದಿಂದ ನೋಡಿದ. ತೆಳುವಾದ ಚಿನ್ನದ ರೇಕಿನಲ್ಲಿ ವಿದ್ಯುತ್ ಹರಿಸಿ, ಅಡ್ಡಲಾಗಿ ಅಯಸ್ಕಾಂತ ಹಿಡಿದಾಗ ರೇಕಿನ ಒಂದು ಅಂಚಿಗೂ ಇನ್ನೊಂದು ಅಂಚಿಗೂ ನಡುವೆ ಸಣ್ಣ ವಿದ್ಯುತ್ ಒತ್ತಡ ಕಾಣಿಸಿಕೊಂಡಿತು. ಕಾಲುವೆಯಲ್ಲಿ ಹರಿಯುವ ನೀರನ್ನು ಅಡ್ಡಗಾಳಿ ಒಂದು ದಂಡೆಗೆ ಒತ್ತಿದರೆ ಆ ದಂಡೆಯಲ್ಲಿ ನೀರು ತುಸು ಏರುವಂತೆ ಇದು. ಗಾಳಿ ಜೋರಾದಷ್ಟೂ ಏರಿಕೆ ಹೆಚ್ಚು. ಅಯಸ್ಕಾಂತ ಹತ್ತಿರವಾದಷ್ಟೂ ಒತ್ತಡ ಹೆಚ್ಚು.

ಚಿನ್ನದಲ್ಲಿ ಈ ಪರಿಣಾಮ ಬಲು ದುರ್ಬಲ. ಅರೆವಾಹಕಗಳು ಬಂದ ಮೇಲಷ್ಟೇ ಅದು ಉಪಯೋಗಕ್ಕೆ ಬಿದ್ದಿತು. ಅಮೆರಿಕದ ಹನಿವೆಲ್ ಕಂಪನಿಯ ಮೈಕ್ರೋ ಸ್ವಿಚ್ ವಿಭಾಗ 1960ರ ದಶಕದ ಕೊನೆಯಲ್ಲೇ ಇಂಥ ಕೀಲಿಮಣೆಗಳನ್ನು ಮಾಡಿ ಮಾರಿತು. ಬಾಳಿಕೆ ಬಂದವು, ಬೆಲೆ ಮಾತ್ರ ಕೈಗೆಟುಕಲಿಲ್ಲ. ಮನೆಮನೆಗೆ ಗಣಕ ಹೋಗುವ ಕಾಲಕ್ಕೆ ಅಗ್ಗದ ರಬ್ಬರು ಗುಮ್ಮಟ ಗೆದ್ದಿತು. ಹಾಲ್ ಕಂಡ ತತ್ವ ಅಷ್ಟರಲ್ಲಿ ಬೇರೆ ದಾರಿಗಳಲ್ಲಿ ಹಳ್ಳಿಯವರೆಗೂ ಬಂದುಬಿಟ್ಟಿತ್ತು. ಕಲಘಟಗಿ ರಸ್ತೆಯಲ್ಲಿ ಸದ್ದಿಲ್ಲದೆ ಹೋಗುವ ವಿದ್ಯುತ್ ಸ್ಕೂಟರಿನ ಹಿಡಿಕೆ ತಿರುವಿದಾಗ ಎಷ್ಟು ತಿರುವಿತು ಎಂದು ಅಳೆಯುವುದು ಸಾಮಾನ್ಯವಾಗಿ ಇದೇ ಜಾತಿಯ ಸಂವೇದಕ.

ಈಗಿನ ಕೀಲಿಯ ದಿಂಡಿನಲ್ಲಿ ಒಂದು ಪುಟ್ಟ ಅಯಸ್ಕಾಂತ, ಕೆಳಗಿನ ಹಲಗೆಯಲ್ಲಿ ಒಂದು ಸಂವೇದಕ, ನಡುವೆ ಸ್ಪ್ರಿಂಗು. ಕೀಲಿ ಇಳಿದಷ್ಟೂ ಸಂವೇದಕದ ಒತ್ತಡ ಏರುತ್ತದೆ. ಹಳೆಯ ಗುಂಡಿ ಹೌದು ಅಥವಾ ಅಲ್ಲ ಎನ್ನುತ್ತಿತ್ತು. ಇದು ಎಷ್ಟು ಎಂದು ಹೇಳುತ್ತದೆ. ಆದ್ದರಿಂದ ಎಷ್ಟು ಇಳಿದಾಗ ಅಕ್ಷರ ಬೀಳಬೇಕೆಂಬುದನ್ನು ಬಳಸುವವರೇ ತಂತ್ರಾಂಶದಲ್ಲಿ ತೀರ್ಮಾನಿಸಬಹುದು, ಅದೂ ಒಂದೊಂದು ಕೀಲಿಗೆ ಒಂದೊಂದು ಅಳತೆ.

ಆಟಗಾರರಿಗೆ ಇದಕ್ಕಿಂತ ರುಚಿಸಿದ್ದು ಇನ್ನೊಂದು ಗುಣ. ಬೆರಳು ಕೂದಲೆಳೆಯಷ್ಟು ಮೇಲೆದ್ದರೂ ಸಾಕು, ಕೀಲಿ ಬಿಟ್ಟಂತೆಯೇ ಲೆಕ್ಕ. ಮತ್ತೆ ತುಸು ಒತ್ತಿದರೆ ಒತ್ತಿದಂತೆಯೇ. ಈ ಸೌಲಭ್ಯವನ್ನು ಜನಪ್ರಿಯ ಮಾಡಿದ್ದು ನೆದರ್ಲೆಂಡಿನ ವೂಟಿಂಗ್ ಎಂಬ ಸಣ್ಣ ಕಂಪನಿ. ‘ಕೌಂಟರ್ ಸ್ಟ್ರೈಕ್’ನಂಥ ಬಂದೂಕಿನ ಆಟಗಳಲ್ಲಿ ಓಡುತ್ತಿರುವಾಗ ಗುರಿ ಸರಿಯಾಗಿ ಕೂರುವುದಿಲ್ಲ. ಎಡಕ್ಕೆ ಓಡುವವನು ಥಟ್ಟನೆ ನಿಲ್ಲಲು ಬಲದ ಕೀಲಿಯನ್ನು ಒಮ್ಮೆ ತಟ್ಟಬೇಕು. ಇದನ್ನು ಸರಿಯಾದ ಕ್ಷಣಕ್ಕೆ ಮಾಡುವ ಕೈಚಳಕಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು. 2024ರ ಜುಲೈಯಲ್ಲಿ ರೇಜರ್ ಕಂಪನಿ, ಎರಡೂ ಕೀಲಿ ಒತ್ತಿದ್ದರೆ ಕೊನೆಯದನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಏರ್ಪಾಡನ್ನು ತನ್ನ ಮಣೆಗೆ ಸೇರಿಸಿತು. ಆಗ ಜಗಳ ಶುರುವಾಯಿತು. ಕೈಚಳಕ ಹುಡುಗನದೋ, ಮಣೆಯದೋ? ಆಟದ ಒಡೆಯ ವಾಲ್ವ್ ಕಂಪನಿ ಮರುತಿಂಗಳೇ ತನ್ನ ಅಧಿಕೃತ ಸರ್ವರುಗಳಲ್ಲಿ ಇಂಥ ಸ್ವಯಂಚಾಲನೆಯನ್ನು ನಿಷೇಧಿಸಿತು. ಬೇಗ ಎಚ್ಚರಗೊಳ್ಳುವ ಕೀಲಿ ಒಳಗೆ ಉಳಿಯಿತು, ಆಟಗಾರನ ಪರವಾಗಿ ತೀರ್ಮಾನಿಸುವ ಕೀಲಿ ಹೊರಗೆ ಹೋಯಿತು. ಗೆರೆ ಎಳೆದ ಜಾಗ ನ್ಯಾಯವೆಂದೇ ತೋರುತ್ತದೆ.

ಬರವಣಿಗೆಯವರ ಲೆಕ್ಕ ಬೇರೆ. ನಿಮಿಷಕ್ಕೆ 200 ಒತ್ತುಗಳ ವೇಗದಲ್ಲಿ ಬರೆಯುವವರಿಗೆ ಒತ್ತಿಗೂ ಒತ್ತಿಗೂ ನಡುವೆ 300 ಮಿಲಿಸೆಕೆಂಡು ಸಿಗುತ್ತದೆ. ಕೀಲಿಯಲ್ಲಿ ಐದೋ ಆರೋ ಮಿಲಿಸೆಕೆಂಡು ಉಳಿದರೆ ಅರ್ಜಿಯೇನೂ ಬೇಗ ಮುಗಿಯದು. ಆಟದವರಂತೆ ಕೀಲಿಯನ್ನು ತೀರ ಸೂಕ್ಷ್ಮ ಮಾಡಿಟ್ಟರೆ ಸುಮ್ಮನೆ ಇಟ್ಟ ಬೆರಳೂ ಅಕ್ಷರ ಉದುರಿಸುತ್ತದೆ. ವೇಗದ ಜಾಹೀರಾತನ್ನು ನಂಬಿ ಬರವಣಿಗೆಗೆ ಇದನ್ನು ಕೊಳ್ಳುವುದು ದುಡ್ಡಿಗೆ ದಂಡವೇ.

ಆದರೆ ಕನ್ನಡದ ಬೆರಳಿಗೆ ಒಂದು ವಿಶೇಷ ತೊಂದರೆಯಿದೆ. ಕಿನ್ನಿಕಂಬಳದ ಪದ್ಮನಾಭ ರಾಯರು, ಅಂದರೆ ಕೆ.ಪಿ. ರಾವ್, ಇಂಗ್ಲಿಷಿನ 26 ಕೀಲಿಗಳೊಳಗೇ ಕನ್ನಡವನ್ನು ಕೂರಿಸಿದ ವಿನ್ಯಾಸವನ್ನೇ ‘ನುಡಿ’ ಅನುಸರಿಸುತ್ತದೆ. ಉಚ್ಚಾರದ ಜಾಡಿನಲ್ಲಿ ನಡೆಯುವ ಈ ವಿನ್ಯಾಸ ಬೆರಳಚ್ಚು ಯಂತ್ರದ ತುಂಡಕ್ಷರಗಳಿಂದ ಕನ್ನಡವನ್ನು ಬಿಡಿಸಿತು. ಅಕ್ಷರದ ಚೂರುಗಳನ್ನು ಜೋಡಿಸುವ ಕೆಲಸ ಬೆರಳಿನಿಂದ ಗಣಕಕ್ಕೆ ಹೋಯಿತು. ಇದಕ್ಕೆ ಕೊಟ್ಟ ಬೆಲೆಯೆಂದರೆ ಒತ್ತಕ್ಷರಗಳ ಹೊರೆಯೆಲ್ಲ ‘ಎಫ್’ ಎಂಬ ಒಂದೇ ಕೀಲಿಯ ಮೇಲೆ ಬಿದ್ದದ್ದು. ದೀರ್ಘಸ್ವರ, ಮಹಾಪ್ರಾಣ, ಣಕಾರ, ಳಕಾರಗಳು ‘ಶಿಫ್ಟ್’ ಹಿಡಿಯದೆ ಬರುವುದಿಲ್ಲ. ಇಂಗ್ಲಿಷ್ ಬರೆಯುವವನಿಗೆ ‘ಎಫ್’ ಅಪರೂಪದ ಅಕ್ಷರ, ‘ಶಿಫ್ಟ್’ ವಾಕ್ಯದ ಮೊದಲಿಗೆ ಒಮ್ಮೆ ಬೇಕಾದದ್ದು. ಕನ್ನಡಕ್ಕೆ ಇವೆರಡೂ ಉಸಿರು. ಹಳ್ಳಿಯ ಕಂಪ್ಯೂಟರ್ ಸೆಂಟರಿನ ರಬ್ಬರು ಮಣೆಯಲ್ಲಿ ‘ಎಫ್’ ಸೋತರೆ ದುಮ್ಮವಾಡ ‘ದುಮಮವಾಡ’ವಾಗುತ್ತದೆ, ಪಹಣಿಯ ಅರ್ಜಿಯಲ್ಲಿ ಅಪ್ಪ ‘ಅಪಪ’ನಾಗುತ್ತಾನೆ. ‘ಶಿಫ್ಟ್’ ಸೋತರೆ ‘ವಾಡ’ವೂ ‘ವಅಡ’ವಾಗುತ್ತದೆ. ಇಡೀ ದಿನ ‘ಶಿಫ್ಟ್’ ಹಿಡಿಯುವ ಕೆಲಸ ಬೀಳುವುದೂ ಅತ್ಯಂತ ದುರ್ಬಲವಾದ ಕಿರುಬೆರಳಿನ ಮೇಲೆ.

ಅಯಸ್ಕಾಂತದ ಕೀಲಿ ನೆರವಾಗಬಹುದಾದದ್ದು ಇಲ್ಲಿ. ತಾಗುವ ಲೋಹವಿಲ್ಲದ ಕಾರಣ ದೂಳಿಗೆ, ತೇವಕ್ಕೆ ಮಾಸುವ ಭಾಗವೇ ಕಡಿಮೆ. ದಿಂಡು ಸವೆಯಬಹುದು, ಕಸ ಸಿಕ್ಕಿ ಬಿಗಿಯಬಹುದು, ಅಷ್ಟೆ. ‘ಎಫ್’ ಮತ್ತು ‘ಶಿಫ್ಟ್’ ಕೀಲಿಗಳು ಮಾತ್ರ ಒಂದು ಮಿಲಿಮೀಟರಿಗೇ ಕೆಲಸ ಮಾಡುವಂತೆ, ಉಳಿದವು ಎರಡಕ್ಕೆ ಕೆಲಸ ಮಾಡುವಂತೆ ಇಟ್ಟುಕೊಂಡರೆ ಕಿರುಬೆರಳು ಪೂರ್ತಿ ತಳಕ್ಕೆ ಒತ್ತಿ ಹಿಡಿಯಬೇಕಿಲ್ಲ. ಆದರೆ ಸಾಧಾರಣ ಮಣೆ ಕೆಲವು ನೂರು ರೂಪಾಯಿಗೆ ಸಿಗುವಾಗ ಇದಕ್ಕೆ ಕೆಲವು ಸಾವಿರ ಬೇಕು. ಪರೀಕ್ಷೆಗೆ ಹೋದ ಹುಡುಗಿಗೆ ಅಲ್ಲಿನ ಮೇಜಿನ ಮೇಲೆ ಸಿಗುವ ಮಣೆಯೇ ಗತಿ. ಬಲ್ಲ ಬೆರಳಚ್ಚುಗಾರರು ಕುಳಿತ ಕೂಡಲೇ ಪ್ರಶ್ನೆಪತ್ರಿಕೆ ನೋಡುವ ಮುಂಚೆ ‘ಅಕ್ಕ’, ‘ಅಣ್ಣ’ ಎಂದು ಒಮ್ಮೆ ಬರೆದು ನೋಡುವುದು ಒಳ್ಳೆಯದು. ‘ಎಫ್’ ಮತ್ತು ‘ಶಿಫ್ಟ್’ ಎರಡರ ಆರೋಗ್ಯವೂ ಆ ಎರಡು ಪದಗಳಲ್ಲೇ ಗೊತ್ತಾಗುತ್ತದೆ, ಮಣೆ ಬದಲಿಸಿಕೊಡಿ ಎಂದು ಕೇಳಲು ಆಗ ಇನ್ನೂ ಹೊತ್ತಿರುತ್ತದೆ.